ದೂರಶಿಕ್ಷಣದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಕಲಿಸುವ ಕ್ರಮ: ಅಧ್ಯಾಪಕರಿಗೂ ಕಲಿಕಾ ಕೇಂದ್ರಗಳಿಗೂ ಒಂದು ಮಾರ್ಗದರ್ಶಿ

ಮೈಸೂರು ವಿಶ್ವವಿದ್ಯಾನಿಲಯವು 1969–70ರ ಹೊತ್ತಿಗೆ ಅಂಚೆ ಶಿಕ್ಷಣವನ್ನು ಆರಂಭಿಸಿತು. ಆ ಅಂಚೆ ಶಿಕ್ಷಣ ಸಂಸ್ಥೆಯೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅಂದರೆ 1969ರಲ್ಲಿ, ಬ್ರಿಟನ್ನಿನ ಓಪನ್ ಯೂನಿವರ್ಸಿಟಿಗೆ ರಾಜಸನ್ನದು ದೊರೆಯಿತು. 1971ರಲ್ಲಿ ಅಲ್ಲಿ ಮೊದಲ ತಂಡದ ಕಲಿಕೆ ಶುರುವಾದಾಗ ವಿಜ್ಞಾನದ ವಿದ್ಯಾರ್ಥಿಗಳ ಮನೆಗಳಿಗೆ ಮುದ್ರಿತ ಪಾಠಗಳ ಜೊತೆಗೆ ಪ್ರಯೋಗದ ಪೆಟ್ಟಿಗೆಯೂ ಅಂಚೆಯಲ್ಲಿ ಹೋಯಿತು. ಅದರೊಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಸೂಕ್ಷ್ಮದರ್ಶಕವೂ ಇತ್ತು. ದೂರದಿಂದ ವಿಜ್ಞಾನ ಕಲಿಸುವ ಕೆಲಸದ ಕಷ್ಟ ಎಲ್ಲಿದೆ ಎಂಬುದನ್ನು ಆ ಪೆಟ್ಟಿಗೆಯನ್ನು ರೂಪಿಸಿದವರು ಆರಂಭದಲ್ಲೇ ಗುರುತಿಸಿದ್ದರು.

ಇಂದು ನಮ್ಮಲ್ಲಿ ಉಪನ್ಯಾಸಗಳಿಗೆ ಕೊರತೆಯಿಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನ ಪಾಠಗಳು ಉಚಿತವಾಗಿ ಸಿಗುತ್ತವೆ. 2017ರಿಂದ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆಯೂ ಇದೆ. ಅದಕ್ಕೂ ಮೊದಲು, 2004ರಲ್ಲಿ, ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಲಾಗಿತ್ತು. ಆದರೂ ದೂರಶಿಕ್ಷಣದ ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬರು ಮೂರು ವರ್ಷ ಓದಿ ಮುಗಿಸಿದ ಮೇಲೂ ಒಂದು ಅಳತೆಯನ್ನು ಎಷ್ಟು ನಂಬಬಹುದೆಂದು ಹೇಳಲಾರದ ಸ್ಥಿತಿಯಲ್ಲಿದ್ದರೆ, ಅವರಿಗೆ ಸಿಗದೆ ಹೋದದ್ದು ಉಪನ್ಯಾಸವಲ್ಲ. ತಮ್ಮ ಕೈಯಾರೆ ಅಳೆಯುವ ಅವಕಾಶ ಮತ್ತು ಆ ಅಳತೆಯನ್ನು ನೋಡಿ ಸಕಾಲದಲ್ಲಿ ಉತ್ತರಿಸುವ ಅಧ್ಯಾಪಕರು ಅವರಿಗೆ ಸಿಕ್ಕಿರುವುದಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಈ ಎರಡು ಕೊರತೆಗಳನ್ನು ತುಂಬುವುದಕ್ಕಾಗಿಯೇ ಇವೆ. ಬಿ.ಎಸ್ಸಿ., ಎಂ.ಎಸ್ಸಿ., ಬಿಸಿಎ ಮುಂತಾದ ಕೋರ್ಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಯುಜಿಸಿಯ ನಿಯಮಗಳ ಪ್ರಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲವಾದ್ದರಿಂದ ಅವು ಇಲ್ಲಿ ಬರುವುದಿಲ್ಲ.

ಮೊದಲ ಹೆಜ್ಜೆ: ಯಾರಿಗೆ ಕಲಿಸುತ್ತಿದ್ದೀರಿ ಎಂದು ತಿಳಿದುಕೊಳ್ಳಿ

ಪ್ರವೇಶದ ಅರ್ಜಿಯಲ್ಲಿ ವಿದ್ಯಾರ್ಥಿಯ ಅಂಕಗಳಿರುತ್ತವೆ, ಜಾತಿ ಪ್ರಮಾಣಪತ್ರವಿರುತ್ತದೆ, ವಿಳಾಸವಿರುತ್ತದೆ. ಪಾಠ ಮಾಡುವವರಿಗೆ ಬೇಕಾದ ಮಾಹಿತಿ ಅದರಲ್ಲಿ ಇರುವುದಿಲ್ಲ. ಆದ್ದರಿಂದ ಮೊದಲ ವಾರದಲ್ಲೇ ಒಂದು ಪುಟದ ಪ್ರಶ್ನಾವಳಿ ಕಳುಹಿಸಿ. ಮನೆಯಲ್ಲಿ ಕಂಪ್ಯೂಟರ್ ಇದೆಯೇ ಅಥವಾ ಫೋನ್ ಮಾತ್ರವೇ, ಆ ಫೋನ್ ಸ್ವಂತದ್ದೇ ಅಥವಾ ಮನೆಮಂದಿಯೆಲ್ಲ ಬಳಸುವಂಥದ್ದೇ, ಕೆಲಸದ ಪಾಳಿ ಯಾವುದು, ದಿನದ ಯಾವ ಹೊತ್ತಿನಲ್ಲಿ ಓದಲು ಬಿಡುವು ಸಿಗುತ್ತದೆ, ಗಣಿತವನ್ನು ಕೊನೆಯ ಬಾರಿ ಓದಿದ್ದು ಯಾವ ವರ್ಷ, ಎಸ್ಸೆಸ್ಸೆಲ್ಸಿಯ ಮಾಧ್ಯಮ ಯಾವುದು, ಕಲಿಕಾ ಕೇಂದ್ರಕ್ಕೆ ಬಂದುಹೋಗಲು ಎಷ್ಟು ಹೊತ್ತು ಬೇಕು ಎಂದು ಕೇಳಿದರೆ ಸಾಕು. ರಾತ್ರಿ ಪಾಳಿಯ ಕಾನ್‌ಸ್ಟೆಬಲ್, ಬಸ್ ನಿರ್ವಾಹಕರು, ಮಕ್ಕಳನ್ನು ಶಾಲೆಗೆ ಕಳುಹಿಸಿದ ಮೇಲೆ ಓದಲು ಕೂರುವ ಗೃಹಿಣಿ, ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಲೇ ಪದವಿಗೆ ಓದುತ್ತಿರುವ ಶಿಕ್ಷಕಿ, ಹೀಗೆ ಒಂದೇ ತಂಡದಲ್ಲಿ ಎಲ್ಲರೂ ಇರುತ್ತಾರೆ. ಸಂಜೆ ಏಳು ಗಂಟೆಗೆ ಆನ್‌ಲೈನ್ ತರಗತಿ ಇಟ್ಟರೆ ಇವರಲ್ಲಿ ಯಾರಿಗೆ ತಪ್ಪಿಹೋಗುತ್ತದೆ ಎಂಬುದು ಈ ಒಂದು ಪುಟದಿಂದ ತಿಳಿಯುತ್ತದೆ.

ಇದರ ಜೊತೆಗೆ ಹತ್ತು ಪ್ರಶ್ನೆಗಳ ಒಂದು ಗಣಿತ ಪರೀಕ್ಷೆಯನ್ನೂ ಕೊಡಿ. ಅದಕ್ಕೆ ಅಂಕ ಬೇಡ. ಘಾತಾಂಕ, ಲಾಗರಿದಮ್, ಸರಳರೇಖೆಯ ಗ್ರಾಫ್ ಮತ್ತು ಅದರ ಇಳಿಜಾರು, ಏಕಮಾನಗಳ ಪರಿವರ್ತನೆ, ಇಷ್ಟರಲ್ಲಿ ಯಾವುದು ಮರೆತುಹೋಗಿದೆ ಎಂದು ನೋಡಿ, ಮರೆತವರಿಗೆ ಮಾತ್ರ ಮೊದಲ ತಿಂಗಳಲ್ಲಿ ಒಂದು ಕಿರು ಪೂರಕ ಘಟಕವನ್ನು ಓದಿಸಿ. ಭೌತಶಾಸ್ತ್ರ ಕಠಿಣವೆಂದು ಬಿಟ್ಟುಹೋಗುವ ಎಷ್ಟೋ ಮಂದಿ ನಿಜವಾಗಿ ಎಡವುವುದು ಈ ಗಣಿತದಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ಹೆಜ್ಜೆ: ಗಂಟೆಗಳ ಲೆಕ್ಕ ಹಾಕಿ, ಹೊರೆ ಇಳಿಸಿ

ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 30 ಗಂಟೆಗಳ ಅಧ್ಯಯನ. ನಾಲ್ಕು ಕ್ರೆಡಿಟ್‌ಗಳ ಒಂದು ಪತ್ರಿಕೆಗೆ 120 ಗಂಟೆ. ಅದನ್ನು 16 ವಾರಗಳಿಗೆ ಹಂಚಿದರೆ ವಾರಕ್ಕೆ ಏಳೂವರೆ ಗಂಟೆ. ಅಂಥ ನಾಲ್ಕು ಪತ್ರಿಕೆಗಳಿದ್ದರೆ ವಾರಕ್ಕೆ 30 ಗಂಟೆ ಬೇಕು, ಅಂದರೆ ಉದ್ಯೋಗದಲ್ಲಿರುವವರಿಗೆ ಮತ್ತೊಂದು ಉದ್ಯೋಗದಷ್ಟೇ ಸಮಯ. ಈ ಲೆಕ್ಕವನ್ನು ಪಾಠಕ್ರಮ ಸಮಿತಿಯ ಮುಂದೆ ಬರಹದಲ್ಲಿಡಿ. ಪ್ರತಿ ಘಟಕಕ್ಕೂ ಓದಲು ಎಷ್ಟು ಹೊತ್ತು, ಲೆಕ್ಕ ಬಿಡಿಸಲು ಎಷ್ಟು, ಪ್ರಯೋಗಕ್ಕೆ ಎಷ್ಟು, ಅಸೈನ್‌ಮೆಂಟ್ ಬರೆಯಲು ಎಷ್ಟು ಎಂದು ಘಟಕದ ಮೊದಲ ಪುಟದಲ್ಲೇ ನಮೂದಿಸಿ. ಮೊತ್ತ 120ನ್ನು ಮೀರಿದರೆ ವಿಷಯವನ್ನು ಕಡಿಮೆ ಮಾಡಬೇಕೇ ಹೊರತು ವಿದ್ಯಾರ್ಥಿಯ ನಿದ್ದೆಯನ್ನಲ್ಲ. ಏನನ್ನು ಬಿಡಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರ ಕೈ ಮೊದಲು ಪ್ರಯೋಗದ ಮೇಲೆ ಹೋಗುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಪುಸ್ತಕ ನೋಡಿ ಒಬ್ಬರೇ ಓದಿಕೊಳ್ಳಬಹುದಾದ ನಿರೂಪಣೆಯ ಭಾಗಗಳನ್ನು ಐಚ್ಛಿಕ ಓದಿಗೆ ಸರಿಸಿ.

ಮೂರನೆಯ ಹೆಜ್ಜೆ: ಪ್ರಯೋಗಗಳನ್ನು ಮೂರು ಪಾಲು ಮಾಡಿ

ಪಠ್ಯಕ್ರಮದಲ್ಲಿರುವ ಪ್ರಯೋಗಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಮನೆಯಲ್ಲಿ ಮಾಡಬಹುದಾದವು, ಪರದೆಯ ಮೇಲೆ ಅಭ್ಯಾಸ ಮಾಡಬಹುದಾದವು, ಪ್ರಯೋಗಾಲಯದಲ್ಲೇ ಆಗಬೇಕಾದವು ಎಂದು ವಿಂಗಡಿಸಿ. ಈ ಇಡೀ ಕ್ರಮದಲ್ಲಿ ಹೆಚ್ಚಿನ ಶ್ರಮವನ್ನು ಇಲ್ಲಿಯೇ ಹಾಕಬೇಕು.

ಮನೆಯ ಪಾಲಿನಿಂದ ಆರಂಭಿಸೋಣ. ಸರಳ ಲೋಲಕಕ್ಕೆ ದಾರ, ಗುಂಡಾಗಿ ಒಂದು ಬೀಗ ಅಥವಾ ನಟ್ಟು, ಅಳತೆ ಪಟ್ಟಿ ಮತ್ತು ಫೋನಿನ ಸ್ಟಾಪ್‌ವಾಚ್ ಸಾಕು. 1 ಮೀಟರ್ ಉದ್ದದ ಲೋಲಕ ಒಂದು ಆಂದೋಲನಕ್ಕೆ ಸುಮಾರು 2 ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಉತ್ತರ. ಆದ್ದರಿಂದ ಪ್ರಶ್ನೆಯನ್ನು ಅಲ್ಲಿಗೆ ನಿಲ್ಲಿಸಬೇಡಿ. ಗುಂಡಿ ಒತ್ತುವಾಗ 0.2 ಸೆಕೆಂಡ್‌ನಷ್ಟು ಹಿಂದುಮುಂದಾಗುವುದು ಸಹಜ. ಒಂದೇ ಆಂದೋಲನವನ್ನು ಅಳೆದರೆ ಅದು ಶೇ. 10ರ ದೋಷ, 20 ಆಂದೋಲನಗಳನ್ನು ಒಟ್ಟಿಗೆ ಅಳೆದು ಭಾಗಿಸಿದರೆ ಶೇ. 0.5. ಗುರುತ್ವ ವೇಗೋತ್ಕರ್ಷದ ಸೂತ್ರದಲ್ಲಿ ಕಾಲದ ವರ್ಗ ಇರುವುದರಿಂದ ಆ ಶೇ. 0.5 ಇಮ್ಮಡಿಯಾಗಿ ಶೇ. 1 ಆಗುತ್ತದೆ; ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯುವಾಗ 1 ಸೆಂ.ಮೀ. ತಪ್ಪಿದರೆ ಇನ್ನೊಂದು ಶೇ. 1. ಹಾಗಾದರೆ ಕ್ಯಾಲ್ಕುಲೇಟರ್ ತೋರಿಸಿದ 9.7834 ಎಂಬ ಸಂಖ್ಯೆಯಲ್ಲಿ ಯಾವ ಅಂಕಿಯವರೆಗೆ ಬರೆಯಲು ನಮಗೆ ಅಧಿಕಾರವಿದೆ? ಈ ಪ್ರಶ್ನೆಗೆ ತಾವೇ ಉತ್ತರ ಕಂಡುಕೊಂಡವರಿಗೆ ದೋಷ ವಿಶ್ಲೇಷಣೆಯ ಅಧ್ಯಾಯ ಅರ್ಧದಷ್ಟು ಅರ್ಥವಾದಂತೆಯೇ. ಮುಂದುವರಿದು, ಗುಂಡನ್ನು 60 ಡಿಗ್ರಿಯಷ್ಟು ಎಳೆದು ಬಿಡಲು ಹೇಳಿ. ಕಾಲ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ‘ಕೋನ ಚಿಕ್ಕದಾಗಿರಬೇಕು’ ಎಂದು ಪುಸ್ತಕದಲ್ಲಿರುವ ಷರತ್ತಿನ ಕಾರಣ ಆಗ ಅವರ ಅಳತೆಯಲ್ಲೇ ಕಾಣುತ್ತದೆ.

ಬೆಳಕಿನ ವಿವರ್ತನೆಗೆ ಹಳೆಯ ಸಿಡಿ ಮತ್ತು 1 ಮಿಲಿವ್ಯಾಟ್‌ಗಿಂತ ಕಡಿಮೆ ಶಕ್ತಿಯ ಲೇಸರ್ ಪಾಯಿಂಟರ್ ಬೇಕು. ರಟ್ಟಿನಲ್ಲಿ ಒಂದು ರಂಧ್ರ ಮಾಡಿ, ಅದರ ಮೂಲಕ ಬೆಳಕು 30 ಸೆಂ.ಮೀ. ದೂರದಲ್ಲಿರುವ ಸಿಡಿಯ ಮೇಲೆ ನೇರವಾಗಿ ಬಿದ್ದು ಮರಳಿ ರಟ್ಟಿಗೇ ಬರುವಂತೆ ಜೋಡಿಸಬೇಕು. ಸಿಡಿಯ ಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್, 650 ನ್ಯಾನೋಮೀಟರ್‌ನ ಕೆಂಪು ಬೆಳಕಿಗೆ ಮೊದಲ ಬಿಂದು ರಂಧ್ರದಿಂದ ಸುಮಾರು 13 ಸೆಂ.ಮೀ. ಆಚೆಗೆ ಬೀಳುತ್ತದೆ. ಡಿವಿಡಿಯಲ್ಲಿ ಆ ಅಂತರ 0.74 ಮೈಕ್ರೋಮೀಟರ್ ಆಗಿರುವುದರಿಂದ ಬಿಂದು 55 ಸೆಂ.ಮೀ.ವರೆಗೆ ಸರಿಯುತ್ತದೆ. ಈ ಉತ್ತರಗಳನ್ನು ಮೊದಲೇ ಹೇಳದೆ, ಬಿಂದುವಿನ ದೂರದಿಂದ ಗೆರೆಗಳ ಅಂತರವನ್ನು ಕಂಡುಹಿಡಿಯುವ ಕೆಲಸ ಕೊಡಿ. ಲೇಸರ್ ಬೆಳಕಾಗಲಿ, ಸಿಡಿಯಿಂದ ಪ್ರತಿಫಲಿಸಿದ ಕಿರಣವಾಗಲಿ ಯಾರ ಕಣ್ಣಿಗೂ ಬೀಳಬಾರದು, ಮಕ್ಕಳು ಸುಳಿಯುವ ಕೋಣೆಯಲ್ಲಿ ಈ ಪ್ರಯೋಗ ಕೂಡದು ಎಂಬುದನ್ನು ಸೂಚನೆಯ ಮೊದಲ ಸಾಲಿನಲ್ಲೇ ಮುದ್ರಿಸಿ.

ಇನ್ನೊಂದು ಪ್ರಯೋಗವನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. 1000 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರನ್ನು 9 ವೋಲ್ಟ್ ಬ್ಯಾಟರಿಯಿಂದ ಚಾರ್ಜ್ ಮಾಡಿ, 100 ಕಿಲೋಓಮ್ ರೋಧಕದ ಮೂಲಕ ಬಿಡುಗಡೆಯಾಗುವಾಗ ಹತ್ತು ಸೆಕೆಂಡಿಗೊಮ್ಮೆ ವೋಲ್ಟೇಜ್ ಬರೆದುಕೊಳ್ಳುವುದು. ಸೂತ್ರದ ಪ್ರಕಾರ 100 ಸೆಕೆಂಡ್‌ಗಳಲ್ಲಿ ವೋಲ್ಟೇಜ್ ಶೇ. 37ಕ್ಕೆ, ಅಂದರೆ ಸುಮಾರು 3.3 ವೋಲ್ಟ್‌ಗೆ ಇಳಿಯಬೇಕು. ಹೆಚ್ಚಿನವರಿಗೆ ಹಾಗೆ ಬರುವುದಿಲ್ಲ. ಅಗ್ಗದ ಮಲ್ಟಿಮೀಟರಿನ ಒಳರೋಧ 1 ಮೆಗಾಓಮ್ ಇದ್ದರೆ ಅದೂ ರೋಧಕಕ್ಕೆ ಸಮಾಂತರವಾಗಿ ಸೇರಿಕೊಂಡು ಕಾಲವನ್ನು 91 ಸೆಕೆಂಡ್‌ಗಳಿಗೆ ತಗ್ಗಿಸುತ್ತದೆ. ಜೊತೆಗೆ ಇಂಥ ಕೆಪ್ಯಾಸಿಟರುಗಳ ಧಾರಕತೆ (ಮೈಕ್ರೋಫ್ಯಾರಡ್‌ಗಳಲ್ಲಿ) ನಮೂದಿಸಿದ್ದಕ್ಕಿಂತ ಶೇ. 20ರಷ್ಟು ಆಚೀಚೆ ಇರಬಹುದು. ಅಳೆಯುವ ಉಪಕರಣವೇ ಅಳೆಯಲ್ಪಡುವುದನ್ನು ಬದಲಿಸುತ್ತದೆ ಎಂಬ ಮಾತನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ತೋರಿಸುವ ಬೇರೆ ಪ್ರಯೋಗ ನನಗೆ ತಿಳಿದಿಲ್ಲ. ಕೆಪ್ಯಾಸಿಟರಿನ ಋಣ ಮತ್ತು ಧನ ತುದಿಗಳು ಅದಲುಬದಲಾಗಬಾರದೆಂಬ ಎಚ್ಚರಿಕೆ ಮಾತ್ರ ಚಿತ್ರಸಹಿತ ಇರಲಿ.

ಫೋನನ್ನೇ ಉಪಕರಣವಾಗಿ ಬಳಸಲು ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾನಿಲಯವು ಸಿದ್ಧಪಡಿಸಿದ ಫಿಫಾಕ್ಸ್ ಎಂಬ ಉಚಿತ ಆ್ಯಪ್ ಇದೆ. ಕಡಿಮೆ ಬೆಲೆಯ ಫೋನುಗಳಲ್ಲಿ ಜೈರೋಸ್ಕೋಪ್ ಇಲ್ಲದಿರಬಹುದು, ಮೈಕ್ರೋಫೋನ್ ಮಾತ್ರ ಎಲ್ಲದರಲ್ಲೂ ಇರುತ್ತದೆ. ಆದ್ದರಿಂದ ಶಬ್ದವನ್ನು ಆಧರಿಸಿದ ಪ್ರಯೋಗಗಳನ್ನೇ ಆರಿಸಿಕೊಳ್ಳಿ. ಎರಡು ಫೋನುಗಳನ್ನು 5 ಮೀಟರ್ ಅಂತರದಲ್ಲಿಟ್ಟು, ಮೊದಲು ಒಂದರ ಬಳಿ, ಅನಂತರ ಇನ್ನೊಂದರ ಬಳಿ ಚಪ್ಪಾಳೆ ತಟ್ಟಿದರೆ, ಎರಡೂ ಫೋನುಗಳ ಶಬ್ದಚಾಲಿತ ಗಡಿಯಾರಗಳು ತೋರಿಸುವ ಕಾಲದಲ್ಲಿ ಸುಮಾರು 29 ಮಿಲಿಸೆಕೆಂಡ್ ವ್ಯತ್ಯಾಸ ಬರುತ್ತದೆ. ಶಬ್ದದ ವೇಗ ಅದರಿಂದಲೇ ಸಿಗುತ್ತದೆ.

ಪರದೆಯ ಪಾಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ನೆರವಿನ ವರ್ಚುವಲ್ ಲ್ಯಾಬ್ಸ್, ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ 2002ರಲ್ಲಿ ಆರಂಭವಾದ ಫೆಟ್ ಮಾದರಿಗಳು ಚೆನ್ನಾಗಿವೆ. ಅವುಗಳನ್ನು ಪ್ರಯೋಗಾಲಯಕ್ಕೆ ಬರುವ ಮುಂಚಿನ ಸಿದ್ಧತೆಯಾಗಿ ಬಳಸಿ, ಪ್ರಯೋಗಾಲಯದ ಬದಲಿಗೆ ಬಳಸಬೇಡಿ. ಪರದೆಯಲ್ಲಿ ತಂತಿ ಸಡಿಲವಾಗುವುದಿಲ್ಲ, ಬ್ಯೂರೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ ನಿಲ್ಲುವುದಿಲ್ಲ; ಆ ತೊಡಕುಗಳನ್ನು ನಿಭಾಯಿಸುವುದೇ ಪ್ರಯೋಗದ ಕಲಿಕೆಯ ದೊಡ್ಡ ಭಾಗ.

ಪ್ರಯೋಗಾಲಯದ ಪಾಲಿಗೆ ಆಮ್ಲ, ಕ್ಷಾರ, ಬೆಂಕಿ, 230 ವೋಲ್ಟ್‌ನ ವಿದ್ಯುತ್ ಮತ್ತು ದುಬಾರಿ ಉಪಕರಣಗಳಿರುವ ಪ್ರಯೋಗಗಳೆಲ್ಲ ಬರಬೇಕು. ರಸಾಯನಶಾಸ್ತ್ರದ ಮುಖ್ಯ ಪ್ರಯೋಗಗಳು ಹೀಗಾಗಿ ಕೇಂದ್ರದಲ್ಲೇ ಉಳಿಯುತ್ತವೆ. ಅರಿಸಿನ, ದಾಸವಾಳದ ರಸದಿಂದ ಆಮ್ಲ-ಕ್ಷಾರ ಗುರುತಿಸುವಷ್ಟನ್ನು ಅಡುಗೆಮನೆಯಲ್ಲಿ ಮಾಡಿ ಬರಲಿ.

ನಾಲ್ಕನೆಯ ಹೆಜ್ಜೆ: ಪ್ರಯೋಗದ ಪೆಟ್ಟಿಗೆಯನ್ನು ಎರವಲು ಕೊಡಿ

ಒಂದು ಮಲ್ಟಿಮೀಟರ್, ಬ್ರೆಡ್‌ಬೋರ್ಡ್, ಹತ್ತಾರು ರೋಧಕಗಳು, ಕೆಲವು ಕೆಪ್ಯಾಸಿಟರ್ ಮತ್ತು ಎಲ್‌ಇಡಿಗಳು, ಬ್ಯಾಟರಿ ಕ್ಲಿಪ್, ಎರಡು ಮಸೂರ, ಒಂದು ಅಯಸ್ಕಾಂತ, ಅಳತೆ ಪಟ್ಟಿ, ಜೀವಶಾಸ್ತ್ರದವರಿಗೆ ಕಾಗದದ ಸೂಕ್ಷ್ಮದರ್ಶಕವಾದ ಫೋಲ್ಡ್‌ಸ್ಕೋಪ್, ಇಷ್ಟು ಒಂದು ಸಣ್ಣ ಡಬ್ಬಿಯಲ್ಲಿ ಹಿಡಿಸುತ್ತವೆ. ಗ್ರಂಥಾಲಯದ ಪುಸ್ತಕದಂತೆ ಮರಳಿಸಬೇಕಾದ ಠೇವಣಿಯ ಮೇಲೆ ಸೆಮಿಸ್ಟರಿನ ಅವಧಿಗೆ ಕೊಡಿ. ಮುಚ್ಚಳದ ಒಳಗೆ ವಸ್ತುಗಳ ಪಟ್ಟಿಯನ್ನು ಅಂಟಿಸಿ; ಫ್ಯೂಸ್, ಬ್ಯಾಟರಿಯಂಥ ಸವೆಯುವ ವಸ್ತುಗಳನ್ನು ಬಳಸಿದ್ದಕ್ಕೆ ದಂಡ ಹಾಕಬೇಡಿ, ಏಕೆಂದರೆ ದಂಡದ ಭಯವಿದ್ದರೆ ಡಬ್ಬಿ ತೆರೆಯದೆಯೇ ಮರಳಿ ಬರುತ್ತದೆ. ದೆಹಲಿಯ ಅಂತರ-ವಿಶ್ವವಿದ್ಯಾನಿಲಯ ವೇಗವರ್ಧಕ ಕೇಂದ್ರದಲ್ಲಿ ರೂಪುಗೊಂಡ ಎಕ್ಸ್‌ಪೈಸ್ ಎಂಬ ಕಿರು ಉಪಕರಣವನ್ನು ಫೋನಿಗೆ ಅಥವಾ ಕಂಪ್ಯೂಟರಿಗೆ ಜೋಡಿಸಿ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನಂತೆ ಬಳಸಬಹುದು. ಪ್ರತಿ ಕೇಂದ್ರದಲ್ಲೂ ಅಂಥ ನಾಲ್ಕಾರು ಇದ್ದರೆ ಸರದಿಯ ಮೇಲೆ ಮನೆಗೂ ಕಳುಹಿಸಬಹುದು.

ಐದನೆಯ ಹೆಜ್ಜೆ: ಘಟಕವನ್ನು ಒಂಟಿ ಓದುಗರಿಗಾಗಿ ಬರೆಯಿರಿ

ತರಗತಿಯ ಟಿಪ್ಪಣಿಯನ್ನು ಮುದ್ರಿಸಿದರೆ ಅದು ಸ್ವಯಂ ಕಲಿಕಾ ಸಾಮಗ್ರಿಯಾಗುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಒಬ್ಬರೇ ಕುಳಿತು ಓದುವವರು ಎಲ್ಲಿ ತಡೆದು ನಿಲ್ಲುತ್ತಾರೆ ಎಂಬುದನ್ನು ಊಹಿಸಿ, ಅಲ್ಲಿಯೇ ಒಂದು ಪ್ರಶ್ನೆ ಹಾಕಿ. ಘಟಕದ ಕೊನೆಯಲ್ಲಿ ಉತ್ತರವನ್ನಷ್ಟೇ ಕೊಟ್ಟರೆ ಸಾಲದು. ‘ನಿಮಗೆ ಇದರ ಎರಡರಷ್ಟು ಉತ್ತರ ಬಂದಿದ್ದರೆ ವ್ಯಾಸವನ್ನು ತ್ರಿಜ್ಯವೆಂದು ತೆಗೆದುಕೊಂಡಿರಬಹುದು’ ಎಂಬಂತೆ ಸಾಮಾನ್ಯ ತಪ್ಪುಗಳನ್ನೂ ಹೆಸರಿಸಿ ಬರೆಯಿರಿ. ಸೂತ್ರದ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗುವಾಗ ‘ಸುಲಭವಾಗಿ ತೋರಿಸಬಹುದು’ ಎಂದು ಬರೆದು ಮುಂದೆ ಹೋಗುವ ಅಭ್ಯಾಸವನ್ನು ಬಿಡಬೇಕು.

ಪಠ್ಯವು ಇಂಗ್ಲಿಷಿನಲ್ಲಿದ್ದರೂ ವಿವರಣೆ ಕನ್ನಡದಲ್ಲಿ ಸಿಗುವಂತಿರಲಿ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವರಿಗಾಗಿ ಪ್ರತಿ ಘಟಕಕ್ಕೂ ಎಂಟು ಹತ್ತು ನಿಮಿಷಗಳ ಒಂದು ಕನ್ನಡ ಧ್ವನಿಮುದ್ರಿಕೆ ಮಾಡಿ. ವಿಡಿಯೊಗಿಂತ ಅದಕ್ಕೆ ಡೇಟಾ ಬಹಳ ಕಡಿಮೆ ಸಾಕು, ಬಸ್ಸಿನಲ್ಲಿ ನಿಂತುಕೊಂಡೂ ಕೇಳಬಹುದು. ಚಿತ್ರ, ಗ್ರಾಫ್, ಉಪಕರಣದ ಚಲನೆ ಇವುಗಳನ್ನು ತೋರಿಸಲೇಬೇಕಾದಲ್ಲಿ ಮಾತ್ರ ವಿಡಿಯೊ ಮಾಡಿ, ಅಕ್ಷರಗಳು ಫೋನಿನ ಪರದೆಯಲ್ಲಿ ಓದಲಾಗುವಷ್ಟು ದೊಡ್ಡದಾಗಿರಲಿ.

ಆರನೆಯ ಹೆಜ್ಜೆ: ಸಂಪರ್ಕ ತರಗತಿಯಲ್ಲಿ ಉಪನ್ಯಾಸವನ್ನು ಕಡಿಮೆ ಮಾಡಿ

ದೂರದ ಊರಿನಿಂದ ರಜೆ ಹಾಕಿ ಬಂದವರ ಮುಂದೆ ಪುಸ್ತಕದಲ್ಲಿರುವುದನ್ನೇ ಓದಿ ಹೇಳುವುದು ಅವರ ಶ್ರಮಕ್ಕೆ ಮಾಡುವ ಅನ್ಯಾಯ. ಮನೆಯಲ್ಲಿ ತೆಗೆದ ರೀಡಿಂಗುಗಳನ್ನು ತರುವಂತೆ ಮೊದಲೇ ತಿಳಿಸಿ, ಎಲ್ಲರ ಅಂಕಿಗಳನ್ನೂ ಹಲಗೆಯ ಮೇಲೆ ಒಂದೇ ಗ್ರಾಫಿನಲ್ಲಿ ಗುರುತಿಸಿ. ಒಬ್ಬರ ಬಿಂದು ಏಕೆ ದೂರ ಬಿತ್ತು ಎಂಬ ಚರ್ಚೆಯಲ್ಲಿ ಒಂದು ಗಂಟೆ ಕಳೆದರೂ ನಷ್ಟವಿಲ್ಲ. ಉಳಿದ ಸಮಯವೆಲ್ಲ ಪ್ರಯೋಗಾಲಯಕ್ಕೆ ಸಲ್ಲಬೇಕು, ಒಂದು ಉಪಕರಣಕ್ಕೆ ಇಬ್ಬರಿಗಿಂತ ಹೆಚ್ಚು ಜನ ಇರದಂತೆ ತಂಡ ಮಾಡಬೇಕು. ಐದಾರು ಜನರ ಗುಂಪಿನಲ್ಲಿ ಒಬ್ಬರು ಮಾಡುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ (ಇಗ್ನೋ) ಮಾದರಿಯಲ್ಲಿ ಪ್ರಯೋಗಾಲಯದ ಕೋರ್ಸನ್ನು ಸತತ ಕೆಲವು ದಿನಗಳ ಶಿಬಿರವಾಗಿ ನಡೆಸುವುದು ಉದ್ಯೋಗಸ್ಥರಿಗೆ ಅನುಕೂಲ, ಏಕೆಂದರೆ ಒಮ್ಮೆ ರಜೆ ಪಡೆದರೆ ಸಾಕಾಗುತ್ತದೆ. ಕೇಂದ್ರದಲ್ಲಿ ಸ್ವಂತ ಪ್ರಯೋಗಾಲಯ ಇಲ್ಲದಿದ್ದರೆ ಹತ್ತಿರದ ಪದವಿ ಕಾಲೇಜಿನ ಪ್ರಯೋಗಾಲಯವನ್ನು ಬೇಸಿಗೆ ರಜೆಯಲ್ಲಿ ಕೇಳಿ ಪಡೆಯಿರಿ; ಅಲ್ಲಿನ ಲ್ಯಾಬ್ ಅಟೆಂಡರಿಗೆ ಗೌರವಧನ ಕೊಡುವುದನ್ನು ಯೋಜನೆಯಲ್ಲೇ ಸೇರಿಸಿ.

ಏಳನೆಯ ಹೆಜ್ಜೆ: ಪ್ರೋಗ್ರಾಮಿಂಗನ್ನು ಫೋನಿನಿಂದಲೇ ಶುರುಮಾಡಿ

ಬಿಸಿಎ ವಿದ್ಯಾರ್ಥಿಯ ಬಳಿ ಲ್ಯಾಪ್‌ಟಾಪ್ ಇರುತ್ತದೆಂಬ ಊಹೆಯ ಮೇಲೆ ಪಾಠ ಕಟ್ಟಬೇಡಿ. ಗೂಗಲ್ ಕೊಲ್ಯಾಬ್‌ನಲ್ಲಿ ಫೋನಿನ ಬ್ರೌಸರಿನಿಂದಲೇ ಪೈಥಾನ್ ಪ್ರೋಗ್ರಾಂ ಓಡಿಸಬಹುದು. ಮೊದಲ ಎರಡು ತಿಂಗಳ ಅಭ್ಯಾಸಕ್ಕೆ ಅದು ಸಾಲುತ್ತದೆ, ಅನಂತರದ ದೊಡ್ಡ ಕೆಲಸಗಳಿಗೆ ಭಾನುವಾರಗಳಂದು ಕೇಂದ್ರದ ಕಂಪ್ಯೂಟರ್ ಕೋಣೆ ತೆರೆದಿರಬೇಕು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಸಿ, ಪೈಥಾನ್, ಲಿನಕ್ಸ್ ಮುಂತಾದವುಗಳ ಕಿರು ಪಾಠಗಳಿದ್ದು, ಅವುಗಳಲ್ಲಿ ಹಲವು ಕನ್ನಡದಲ್ಲೂ ಸಿಗುತ್ತವೆ.

ಕೆಲಸ ಕೊಡುವಾಗ ಖಾಲಿ ಪುಟದಿಂದ ಆರಂಭಿಸಲು ಹೇಳುವುದಕ್ಕಿಂತ, ತಪ್ಪಿರುವ ಪ್ರೋಗ್ರಾಂ ಕೊಟ್ಟು ಸರಿಪಡಿಸಲು ಹೇಳಿ. ಓಡಿಸುವ ಮೊದಲು ಉತ್ತರ ಏನು ಬರಬಹುದೆಂದು ಕಾಗದದ ಮೇಲೆ ಬರೆಯಲಿ. ಉದಾಹರಣೆಗೆ, ಪೈಥಾನಿನಲ್ಲಿ 0.1ನ್ನು ಲೂಪಿನೊಳಗೆ ಒಂದೊಂದಾಗಿ ಹತ್ತು ಬಾರಿ ಕೂಡಿದರೆ 1 ಬರುವುದಿಲ್ಲ, 0.9999999999999999 ಬರುತ್ತದೆ. ಅದನ್ನು ಕಂಡು ಬೆರಗಾದವರು ದ್ವಿಮಾನ ಪದ್ಧತಿಯಲ್ಲಿ ದಶಾಂಶ ಸಂಖ್ಯೆಗಳನ್ನು ಹೇಗೆ ಇಡಲಾಗುತ್ತದೆ ಎಂಬ ಪಾಠವನ್ನು ತಾವಾಗಿಯೇ ಹುಡುಕಿಕೊಂಡು ಓದುತ್ತಾರೆ.

ಎಂಟನೆಯ ಹೆಜ್ಜೆ: ಅಸೈನ್‌ಮೆಂಟ್‌ಗಳನ್ನು ತಿದ್ದಿ ಬೇಗ ಮರಳಿಸಿ

ವಿದ್ಯಾರ್ಥಿಗೂ ಅಧ್ಯಾಪಕರಿಗೂ ನಡುವಿನ ದೂರವು ಮೈಲಿಗಳಲ್ಲಿಲ್ಲ, ಅವರ ನಡುವೆ ನಡೆಯುವ ಸಂವಾದ ಎಷ್ಟು ಎಂಬುದರಲ್ಲಿದೆ ಎಂದು ದೂರಶಿಕ್ಷಣದ ವಿದ್ವಾಂಸರಾದ ಮೈಕಲ್ ಮೂರ್ ವಾದಿಸಿದ್ದಾರೆ. ಅಂಕ ಮಾತ್ರ ಹಾಕಿ, ಅದೂ ಪರೀಕ್ಷೆಯ ನಂತರ ಮರಳಿಸಿದ ಅಸೈನ್‌ಮೆಂಟ್‌ನಿಂದ ಯಾವ ಸಂವಾದವೂ ಹುಟ್ಟುವುದಿಲ್ಲ. ಮುಂದಿನ ಅಸೈನ್‌ಮೆಂಟ್ ಬರೆಯುವ ಮುಂಚೆ ಹಿಂದಿನದು ಕೈಸೇರಬೇಕು, ಅಂದರೆ ಎರಡು ವಾರಗಳ ಒಳಗೆ. ನೂರಾರು ಉತ್ತರಗಳಿದ್ದಾಗ ಪ್ರತಿಯೊಬ್ಬರಿಗೂ ಉದ್ದವಾಗಿ ಬರೆಯಲಾಗದು. ಹಾಗಿದ್ದಲ್ಲಿ ಪದೇ ಪದೇ ಕಂಡ ನಾಲ್ಕೈದು ತಪ್ಪುಗಳಿಗೆ ಸೇರಿಸಿ ಒಂದು ಧ್ವನಿಸಂದೇಶ ಮಾಡಿ ಎಲ್ಲರಿಗೂ ಕಳುಹಿಸಿ, ವೈಯಕ್ತಿಕವಾಗಿ ‘ನಿಮ್ಮ ಗ್ರಾಫಿನ ಅಕ್ಷಗಳಿಗೆ ಏಕಮಾನ ಇಲ್ಲ’ ಎಂಬಂತೆ ಒಂದೊಂದು ಸಾಲನ್ನಾದರೂ ಬರೆಯಿರಿ. ಮೊದಲ ಅಸೈನ್‌ಮೆಂಟ್ ಕಳುಹಿಸದವರಿಗೆ ನೋಟಿಸ್ ಬೇಡ, ಫೋನ್ ಮಾಡಿ. ಏಕೆ ಕಳುಹಿಸಲಿಲ್ಲ ಎಂದು ವಿಚಾರಿಸುವ ಬದಲು ಎಲ್ಲಿ ತಡೆಯಾಯಿತು ಎಂದು ಕೇಳಿ. ಕಲಿಕೆ ಬಿಟ್ಟುಹೋಗುವವರನ್ನು ಉಳಿಸಿಕೊಳ್ಳಲು ಇದಕ್ಕಿಂತ ಸರಿಯಾದ ಸಮಯ ಮತ್ತೆ ಸಿಗುವುದಿಲ್ಲ.

ಒಂಬತ್ತನೆಯ ಹೆಜ್ಜೆ: ನಕಲಿಗೆ ಆಸ್ಪದವಿಲ್ಲದಂತೆ ಮೌಲ್ಯಮಾಪನ ಮಾಡಿ

ಎಲ್ಲರಿಗೂ ಒಂದೇ ಪ್ರಶ್ನೆ ಕೊಟ್ಟರೆ ಎಲ್ಲರ ರೆಕಾರ್ಡ್ ಪುಸ್ತಕದಲ್ಲೂ ಒಂದೇ ರೀಡಿಂಗ್ ಇರುತ್ತದೆ. ನೋಂದಣಿ ಸಂಖ್ಯೆಯ ಕೊನೆಯ ಎರಡು ಅಂಕಿಗಳಿಗೆ 40 ಸೇರಿಸಿ, ಅಷ್ಟು ಸೆಂಟಿಮೀಟರ್ ಉದ್ದದ ಲೋಲಕವನ್ನು ಬಳಸಲು ಹೇಳಿದರೆ ಪ್ರತಿಯೊಬ್ಬರ ಅಳತೆಯೂ ಬೇರೆಯಾಗುತ್ತದೆ. ಜೋಡಣೆಯ ಒಂದು ಛಾಯಾಚಿತ್ರ, ಕೈಬರಹದ ಮೂಲ ರೀಡಿಂಗುಗಳ ಒಂದು ಚಿತ್ರ, ಎರಡನ್ನೂ ಸಲ್ಲಿಸುವಂತಿರಲಿ. ಹೊಡೆದುಹಾಕಿ ಮತ್ತೆ ಬರೆದ ಅಂಕಿಗಳಿದ್ದರೆ ಅಂಕ ಕಡಿಯಬೇಡಿ, ಅದು ನಿಜವಾಗಿ ಅಳೆದದ್ದರ ಗುರುತು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ವ್ಯಾಖ್ಯೆ ಕೇಳುವುದನ್ನು ಬಿಟ್ಟು, ಅವರ ಗ್ರಾಫನ್ನೇ ಮುಂದಿಟ್ಟು ‘ನಾಲ್ಕನೆಯ ಬಿಂದು ರೇಖೆಯಿಂದ ಏಕೆ ದೂರವಿದೆ, ಇನ್ನೊಮ್ಮೆ ಮಾಡುವುದಾದರೆ ಏನನ್ನು ಬದಲಿಸುತ್ತೀರಿ’ ಎಂದು ಕೇಳಿ. ಐದು ನಿಮಿಷ ಸಾಕು. ಪ್ರಯೋಗ ಮಾಡಿದವರು ಯಾರು ಎಂಬುದು ತಿಳಿದುಹೋಗುತ್ತದೆ.

ಕೊನೆಯದಾಗಿ, ಸಂಪರ್ಕ ತರಗತಿಯಲ್ಲಿ ಕೇಳಿಬಂದ ಸಂದೇಹಗಳು, ಪುಸ್ತಕದ ಮುದ್ರಣದೋಷಗಳು, ಮನೆಯಲ್ಲಿ ಕೈಕೊಟ್ಟ ಪ್ರಯೋಗಗಳು ಇವೆಲ್ಲವನ್ನೂ ಘಟಕವಾರು ಒಂದು ಪುಸ್ತಕದಲ್ಲಿ ದಾಖಲಿಸುವ ಜವಾಬ್ದಾರಿಯನ್ನು ಪ್ರತಿ ಕೇಂದ್ರದಲ್ಲೂ ಒಬ್ಬರಿಗೆ ವಹಿಸಿ, ವರ್ಷಕ್ಕೊಮ್ಮೆ ಮರುಮುದ್ರಣಕ್ಕೆ ಮುಂಚೆ ಅದನ್ನು ಘಟಕದ ಲೇಖಕರಿಗೆ ತಲುಪಿಸಿ. ತಿದ್ದುಪಡಿಯ ಪುಟಗಳನ್ನು ಹೊಸದಾಗಿ ಸೇರಿದವರಿಗೆ ಮಾತ್ರವಲ್ಲದೆ, ಪತ್ರಿಕೆ ಬಾಕಿ ಉಳಿಸಿಕೊಂಡಿರುವ ಹಳೆಯ ವಿದ್ಯಾರ್ಥಿಗಳಿಗೂ ಕಳುಹಿಸಬೇಕು, ಏಕೆಂದರೆ ಅವರು ಹಳೆಯ ಮುದ್ರಣವನ್ನೇ ಓದಿಕೊಂಡು ಪರೀಕ್ಷೆಗೆ ಬರುತ್ತಾರೆ.